ನಿಡುಗಲ್ಲಿನ ಬಿಲ್ಲೆಗಳು

ನಿಡುಗಲ್ ಬೆಟ್ಟದ ಮೂರನೇ ಡಬ್ಬಿ ಅಲ್ಲಿರಲಿಲ್ಲ.

ಯಶೋದ ಬಂಡೆಯ ಸಂದಿಗೆ ಭುಜದವರೆಗೆ ಕೈ ಹಾಕಿ ತಡಕಿದಳು. ಒಣ ಎಲೆ, ಮರಳು, ಅಷ್ಟೇ. ಉಳಿದೆರಡು ಡಬ್ಬಿಗಳು ಇಟ್ಟಲ್ಲೇ ಇದ್ದವು. ಹೋಗುವುದಾದರೆ ಅವುಗಳಲ್ಲೊಂದು ಹೋಗಲಿ, ಇದೊಂದು ಉಳಿಯಲಿ ಎಂದು ಮಧುಗಿರಿಯಿಂದ ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು.

ಹುಡುಕಾಟ ಬಳಗ ಕಟ್ಟಿದ್ದು ಅವಳೇ. ಬೆಟ್ಟಗಳಲ್ಲಿ ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕುವುದು. ಮೊಬೈಲ್ ಹಿಡಿದು ಹುಡುಕಿ ಬಂದವರು ಡಬ್ಬಿಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಪುಸ್ತಕದಲ್ಲಿ ಹೆಸರು ಬರೆಯುವುದು. ಆಟ ಇಷ್ಟೇ. ಆದರೆ ಆ ಬಿಲ್ಲೆಗಾಗಿ ಜನ ಶಿರಾದಿಂದ, ಕೊರಟಗೆರೆಯಿಂದ ಬರುತ್ತಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಯಶೋದ ಚಿತ್ರ ಬರೆದುಕೊಡುತ್ತಿದ್ದಳು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಚಿಕ್ಕರಾಜು ಅದನ್ನು ಹಿತ್ತಾಳೆಗೆ ಇಳಿಸುತ್ತಿದ್ದ. ಸಿದ್ಧರಬೆಟ್ಟದ ಗುಹೆ, ಮಧುಗಿರಿಯ ಕೋಟೆ ಬಾಗಿಲು, ಶಿರಾ ಮಸೀದಿಯ ಕಮಾನು. ಆರು ವರ್ಷ. ಒಂದು ಬಿಲ್ಲೆಯಂತೆ ಇನ್ನೊಂದಿಲ್ಲ. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ.

ಈ ವರ್ಷ ಡಬ್ಬಿಗಳು ಕಾಣೆಯಾಗತೊಡಗಿದವು. ಜಾಗವನ್ನು ಗುಂಪಿಗೆ ತಿಳಿಸುವ ಮೊದಲೇ ಯಾರೋ ಎತ್ತಿಕೊಂಡು ಹೋಗುತ್ತಿದ್ದರು. ಹುಡುಕಿ ಬಂದವರು ಬರಿಗೈಯಲ್ಲಿ ಮರಳಿ ಗೊಣಗಿದರು. ಜಾಗ ಮೊದಲೇ ತಿಳಿಯುತ್ತಿದ್ದುದು ಸಮಿತಿಯ ಮೂವರಿಗೆ: ಪ್ರಿಯಾಂಕ, ನವೀನ್ ಕುಮಾರ್, ಚಿಕ್ಕರಾಜು.

ಆದ್ದರಿಂದ ಈ ಸಲ ಅವಳು ಮೂವರಿಗೂ ಮೂರು ಬೇರೆ ಜಾಗ ಹೇಳಿ, ಮೂರು ಡಬ್ಬಿ ಇಟ್ಟಿದ್ದಳು. ಕಳೆದ ಭಾನುವಾರ ಗಂಡ ನಟರಾಜು ಚೀಲ ಹೊತ್ತು, ಏದುಸಿರು ಬಿಡುತ್ತ ಹಿಂದೆ ಹತ್ತಿದ್ದ. “ಭಾನುವಾರ ಬಂದ್ರೆ ಮನೆಗೆ ಬೀಗ, ನನಗೆ ಬೆಟ್ಟ” ಎಂದು ನಕ್ಕಿದ್ದ.

ಈಗ ಖಾಲಿಯಾಗಿದ್ದ ಸಂದಿ, ಚಿಕ್ಕರಾಜುವಿಗೆ ಹೇಳಿದ್ದ ಜಾಗ.

ಕೆಳಗೆ ಕುರಿ ಮೇಯಿಸುತ್ತಿದ್ದ ಕೆಂಚಮ್ಮನಿಗೆ ಮೊಬೈಲಿನಲ್ಲಿ ಅವನ ಫೋಟೋ ತೋರಿಸಿದಳು. ಈ ಸಲವೂ ಜೊತೆಗೆ ಬಂದಿದ್ದ ನಟರಾಜು ಹತ್ತಿರ ಬಂದು ನಿಂತ.

“ಈ ವಾರ ಇವರು ಇಲ್ಲಿಗೆ ಬಂದಿದ್ರಾ?”

ಕೆಂಚಮ್ಮ ಫೋಟೋ ನೋಡಿದಳು. ಇಬ್ಬರ ಮುಖವನ್ನೂ ನೋಡಿದಳು. “ಬಂದಿದ್ರು ಕಣಮ್ಮ. ಬುಧವಾರ.”

ಅಷ್ಟು ಸಾಕಾಗಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಅತ್ತಳು. ನಟರಾಜು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಅವಳ ಭುಜದ ಮೇಲಿಟ್ಟ. “ನಂಬಿದೋರೇ ಇಂಗ್ ಮಾಡಾದು ಯಶೋದ. ಬುಡು.”

ಸಂಜೆ ಚಿಕ್ಕರಾಜುವನ್ನು ಮನೆಗೆ ಕರೆಸಿದಳು. ಪ್ರಿಯಾಂಕ, ನವೀನ್ ಕುಮಾರ್ ಆಗಲೇ ಬಂದು ಕೂತಿದ್ದರು. ನಟರಾಜು ಎಲ್ಲರಿಗೂ ಕಾಫಿ ತಂದ.

“ಬುಧವಾರ ನೀವು ನಿಡುಗಲ್ಲಿಗೆ ಹೋಗಿದ್ರಾ?” ಯಶೋದ ಕೇಳಿದಳು. ಆರು ವರ್ಷದಲ್ಲಿ ಅವನನ್ನು ನೀವು ಎಂದದ್ದು ಅದೇ ಮೊದಲು.

ಅವನು ಬೆಚ್ಚಿದ. “ಹೋಗಿದ್ದೆ ಅಕ್ಕ. ಒಂದು ಬಿಲ್ಲೇಲಿ ಅಕ್ಷರ ತಪ್ಪಿತ್ತು. ಬದಲಾಯ್ಸಾನ ಅಂತ.”

“ಡಬ್ಬಿ ಎಲ್ಲಿ?”

ಚಿಕ್ಕರಾಜು ಬಾಯಿ ತೆರೆದ. ಕಾಫಿ ಲೋಟದತ್ತ, ನೆಲದತ್ತ, ಮತ್ತೆ ಅವಳತ್ತ ನೋಡಿದ.

“ನಾನ್ ಏನ್ ಹೇಳಿದ್ರೂ ನಿಮಗೆ ಒಳ್ಳೇದಾಗಲ್ಲ ಅಕ್ಕ.”

“ಹೆದರಿಸ್ತೀರಾ?”

“ಇಲ್ಲ,” ಎಂದ. ಕಾಫಿ ಕುಡಿಯದೆ ಎದ್ದುಹೋದ.

ಬಳಗದ ಗುಂಪಿನಿಂದ ಅವನನ್ನು ತೆಗೆದರು. ಯಾಕೆಂದು ಯಶೋದಳೇ ನಾಲ್ಕು ಸಾಲು ಬರೆದು ಹಾಕಿದಳು. ಸುದ್ದಿ ಊರಿಗೆ ಹಬ್ಬಲು ಎರಡು ದಿನ ಸಾಕಾಯಿತು. ಮದುವೆ ಪಾತ್ರೆಗಳಿಗೆ ಹೆಸರು ಕೊರೆಸುವವರು ಬೇರೆ ಅಂಗಡಿ ನೋಡಿಕೊಂಡರು. ಎರಡು ತಿಂಗಳಿಗೆ ಚಿಕ್ಕರಾಜು ಕೊರೆಯುವ ಯಂತ್ರ ಮಾರಿ, ಅಂಗಡಿ ಮುಚ್ಚಿ, ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ. ಎಲ್ಲಿಗೆ ಹೋದನೋ ಯಾರಿಗೂ ಹೇಳಲಿಲ್ಲ.

ಬಿಲ್ಲೆಗಳಿಲ್ಲದ ಬಳಗ ತಾನಾಗಿಯೇ ಕರಗಿತು. ಯಶೋದ ಪೆನ್ಸಿಲ್ ಮುಟ್ಟಲಿಲ್ಲ. ಭಾನುವಾರಗಳಲ್ಲಿ ನಟರಾಜು ಅವಳನ್ನು ಸಿನಿಮಾಕ್ಕೆ ಕರೆದೊಯ್ದ, ತನ್ನ ಅಕ್ಕನ ಮನೆಗೆ ಕರೆದೊಯ್ದ, ಮನೆಯಲ್ಲಿದ್ದ ದಿನ ತಾನೇ ಉಪ್ಪಿಟ್ಟು ಮಾಡಿದ. ಮೋಸಹೋದ ನೋವಿನಲ್ಲಿ ಇದೊಂದಾದರೂ ಉಳಿಯಿತಲ್ಲ ಎಂದುಕೊಂಡಳು.

ಉಳಿದ ಎರಡು ಡಬ್ಬಿಗಳನ್ನು ತರಲು ಅವಳು ನಿಡುಗಲ್ಲಿಗೆ ಹೋದದ್ದು ಕಾರ್ತಿಕದಲ್ಲಿ, ಒಬ್ಬಳೇ, ಬಸ್ಸಿನಲ್ಲಿ. ಬೆಟ್ಟ ಇಳಿಯುವಾಗ ಕೆಂಚಮ್ಮ ಸಿಕ್ಕಿದಳು.

“ಆ ಪೋಟೋದಣ್ಣ ಚೆಂದಾಗವ್ರಾ ಅಮ್ಮ? ಪಾಪ, ಅವತ್ತು ಬರೀ ಕೈಯಾಗೆ ಇಳಿದೋದ್ರು.”

ಯಶೋದ ನಿಂತಳು. “ಬರೀ ಕೈಯಲ್ಲಾ? ಮತ್ತೆ ಡಬ್ಬಿ?”

“ಡಬ್ಬಿ ಇನ್ನೊಬ್ರ ಕೈಯಾಗಿತ್ತಲ್ಲ. ಅವ್ರು ಮೊದ್ಲೇ ಬಂದು ತೆಗೆದಿದ್ರು. ಇಳಿಯೋವಾಗ ಈವಣ್ಣ ಎದುರಾದ್ರು. ಆವಯ್ಯ ಇವರ ಕೈ ಎರಡೂ ಇಡ್ಕಂಡು, ಯಾರ್ಗೂ ಯೋಳ್ಬ್ಯಾಡಪ್ಪ, ನನ್ ಸಂಸಾರ ಒಡದೋಯ್ತದೆ ಅಂತ ಅತ್ತುಬುಟ್ರು. ಈವಣ್ಣ ಆಯ್ತು ಅಂದ್ರು.”

ನವೀನನಿಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. “ಯಾರು ಕೆಂಚಮ್ಮ? ಗಡ್ಡ ಬಿಟ್ಟ ಹುಡುಗನಾ? ಅವತ್ತೇ ಯಾಕೆ ಹೇಳಲಿಲ್ಲ?”

“ನೀನು ಈವಣ್ಣ ಬಂದಿದ್ರಾ ಅಂತ ಕೇಳ್ದೆ, ಹೂಂ ಅಂದೆ. ಇನ್ನೊಬ್ರು ನಿನ್ ಪಕ್ಕದಾಗೇ ನಿಂತಿದ್ರಲ್ಲಮ್ಮ, ನಿಂಗೆ ಗೊತ್ತೇ ಐತೆ ಅನ್ಕಂಡೆ.”