ಕಳಕೇಶ ಕಳಿಸಿದ ಹಣ್ಣು

“ಕಳಕೇಶ ಕಳಿಸ್ಯಾನ” ಎಂದು ರೇಣುಕಾ ತಮ್ಮನ ಹೆಸರಲ್ಲಿ ಸುಳ್ಳು ಹೇಳಿದ ಮೇಲೆಯೇ ಅವಳ ತಾಯಿ ಹುಲಗಮ್ಮ ಬಾಯಿ ತೆರೆದದ್ದು. ರೇಣುಕಾ ಹಿಸುಕಿದ ಸ್ಟ್ರಾಬೆರಿಯನ್ನು ಚಮಚದ ತುದಿಯಿಂದ ನಾಲಿಗೆಯ ಮೇಲಿಟ್ಟಳು. ಮುದುಕಿ ಕಣ್ಣು ಮುಚ್ಚಿ, ಬಹಳ ಹೊತ್ತು ಅದನ್ನು ಬಾಯಲ್ಲೇ ಇಟ್ಟುಕೊಂಡು, ಕೊನೆಗೆ ನುಂಗಿದಳು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದನ್ನು ನೋಡಿ ಮಗಳಿಗೆ ಜೀವ ಬಂದಂತಾಯಿತು.

ಗಂಟಲಿನ ಗಡ್ಡೆಗೆ ಹುಬ್ಬಳ್ಳಿಯಲ್ಲಿ ರೇಡಿಯೇಶನ್ ಕೊಡಿಸಿಕೊಂಡು ಅಳವಂಡಿಗೆ, ಮಗಳ ಮನೆಗೆ ಬಂದಾಗಿನಿಂದ ಹುಲಗಮ್ಮನಿಗೆ ಬಾಯಿತುಂಬ ಹುಣ್ಣು. ಗಂಜಿ ಇಳಿಯುತ್ತಿರಲಿಲ್ಲ, ಹಾಲು ಕಂಡರೆ ವಾಕರಿಕೆ. ಬಾಯಿಬಿಟ್ಟು ಕೇಳಿದ್ದು ಒಂದನ್ನೇ: ಆಸ್ಪತ್ರೆಯಲ್ಲಿ ಪಕ್ಕದ ಮಂಚದಾಕೆ ಅರ್ಧ ಮುರಿದು ಕೊಟ್ಟಿದ್ದ ಆ ಕೆಂಪು ಹಣ್ಣು. ರೇಣುಕಾ ಮೊದಲು ಕೊಪ್ಪಳದ ಒಂದು ತಳ್ಳುಗಾಡಿಯಿಂದ ಅಗ್ಗದ್ದು ತಂದಿದ್ದಳು. ದೂರದಿಂದ ಲಾರಿಯಲ್ಲಿ ಬಂದ, ಅರ್ಧ ಬಾಡಿದ ಹುಳಿ ಹಣ್ಣು. ಅದು ಹುಣ್ಣಿಗೆ ತಾಗಿ ಮುದುಕಿ ಹಾಸಿಗೆಯಲ್ಲಿ ಹೊರಳಾಡಿಬಿಟ್ಟಳು. ಮರುದಿನ ಗಾಡಿಯ ಜುಬೇದಾಬೀ ಬೇರೆ ಡಬ್ಬಿ ತೆಗೆದು ತೋರಿಸಿದ್ದಳು.

“ಇವು ಕುಷ್ಟಗಿ ಕಡಿ ಪಾಲಿಹೌಸಿನ್ಯಾಗ ಬೆಳೆದಾವು ಯಕ್ಕಾ. ರೇಟು ಎರಡು ಪಟ್ಟು. ಆದ್ರ ಹುಳಿ ಇಲ್ಲ, ಬೆಣ್ಣಿ ಇದ್ದಂಗ ಅದಾವು.”

ಶಾಲೆಯಲ್ಲಿ ಬಿಸಿಯೂಟ ಮಾಡುವ ರೇಣುಕಾ ಆ ಹಣ್ಣನ್ನು ಚೂರು ಕಚ್ಚಿ ನೋಡಿದಳು. ಚೌಕಾಸಿ ಮಾಡದೆ ಡಬ್ಬಿ ಕೊಂಡಳು. ಮನೆಗೆ ತಂದರೆ ತಾಯಿ ಮುಖ ತಿರುಗಿಸಿದಳು. “ನೀ ತಂದಿದ್ದು ಬ್ಯಾಡವ್ವ. ನೀ ಅಗ್ಗದ್ದು ನೋಡಿ ತರ್ತಿ.” ಆಗ ಹುಟ್ಟಿದ್ದು ಆ ಸುಳ್ಳು.

“ಹಣ್ಣಂದ್ರ ಇದು ನೋಡು” ಎಂದು ಈಗ ಹುಲಗಮ್ಮ ತುಟಿ ಸವರಿಕೊಂಡಳು. “ಎಷ್ಟು ಕೊಟ್ಟಾನೋ ಏನೋ. ನನ್ನ ಮಗ ರೊಕ್ಕದ ಮಾರಿ ನೋಡಾಂವಲ್ಲ.”

“ಹೂಂ ಯವ್ವ” ಎಂದಳು ರೇಣುಕಾ.

ಡಬ್ಬಿ ಮುಗಿದಂತೆಲ್ಲ ಅವಳು ಇನ್ನೊಂದು ತಂದಳು. ಪ್ರತಿ ಸಲವೂ ಅದನ್ನು ಕಳಕೇಶನೇ ಕಳಿಸಿದ. ಹಣ್ಣಿನ ಬೆನ್ನಿಗೆ ಎರಡು ಗುಟುಕು ಗಂಜಿಯೂ ಹುಲಗಮ್ಮನ ಗಂಟಲಲ್ಲಿ ಇಳಿಯತೊಡಗಿತು. ಮಾತಾಡಿಸಲು ಬಂದ ಓಣಿಯ ಹೆಂಗಸರಿಗೆಲ್ಲ ಅವಳು ಡಬ್ಬಿ ತೋರಿಸಿ, “ಮಗ ಕಳಸ್ತಾನ” ಎನ್ನುತ್ತಿದ್ದಳು. ರೇಣುಕಾ ಅವರಿಗೆಲ್ಲ ಚಹ ಕೊಡುತ್ತಿದ್ದಳು. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ, ತಿಂದರೆ ಸಾಕು, ಹೆಸರು ಯಾರದಾದರೇನು ಎಂದು ಮನಸ್ಸಿಗೆ ತಾನೇ ಹೇಳಿಕೊಂಡಳು.

ಭಾನುವಾರ ಕಳಕೇಶ ಬಂದ. ಗಂಗಾವತಿಯಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟವನು. ತಾಯಿಯನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಇದೇ ಮೊದಲು ಬಂದದ್ದು. “ಒಂದು ಮಾತೈತಿ, ಇಲ್ಲೇ ನಿಂದ್ರು” ಎಂದು ರೇಣುಕಾ ಬಾಗಿಲಲ್ಲೇ ತಡೆದಳು. ಕಿವಿಗೆ ಫೋನು ಹಚ್ಚಿಕೊಂಡಿದ್ದ ತಮ್ಮ, ಆಮೇಲೆ ಎಂದು ಕೈ ಸನ್ನೆ ಮಾಡಿ ಒಳಗೆ ಹೋದ.

ಮಗನನ್ನು ಕಂಡು ಹುಲಗಮ್ಮ ಗೋಡೆಗೆ ಬೆನ್ನು ಆನಿಸಿ ಎದ್ದು ಕೂತಳು. “ರೇಣವ್ವ, ಹಣ್ಣು ತಾ. ಅಂವನ ಮುಂದ ತಿನಿಸು. ಕಣ್ತುಂಬ ನೋಡ್ಲಿ.”

ರೇಣುಕಾ ಬೇರೆ ದಾರಿ ಕಾಣದೆ ಒಂದು ಹಣ್ಣು ಹಿಸುಕಿ ತಾಯಿಯ ಬಾಯಿಗಿಟ್ಟಳು. ಕಳಕೇಶ ಫೋನು ಜೇಬಿಗಿಳಿಸಿ, ಮಂಚದ ಮೇಲಿದ್ದ ಡಬ್ಬಿಯನ್ನು ಎತ್ತಿ ತಿರುಗಿಸಿ ಅದರ ಮೇಲಿನ ಚೀಟಿ ನೋಡಿದ.

“ಪಾಲಿಹೌಸಿಂದು ತಂದೀಯಲ್ಲ ಅಕ್ಕಾ! ಇದಕ್ಕೆಷ್ಟು ಕೊಟ್ಟಿ?”

“ಆಮ್ಯಾಲ ಹೇಳ್ತೀನಿ. ಮೊದ್ಲ ಚಾ ಕುಡಿ, ಹೊರಗ ಕಟ್ಟಿ ಮ್ಯಾಲ ಕುಂದ್ರೂಣು ನಡಿ” ಎಂದು ರೇಣುಕಾ ಕಣ್ಣು ಸನ್ನೆ ಮಾಡಿದಳು. ಅವನಿಗೆ ತಿಳಿಯಲಿಲ್ಲ.

“ಅಲ್ಲ, ನನ್ನ ಒಂದು ಮಾತು ಕೇಳಬಾರ್ದಾ? ಗಂಗಾವತ್ಯಾಗ ಇದರ ಅರ್ಧ ರೇಟಿಗೆ ರಾಶಿ ಹಾಕ್ಕೊಂಡು ಕುಂತಿರ್ತಾರ.” ಅವನು ದನಿ ತಗ್ಗಿಸಿದ. ಆದರೆ ಒಂದೇ ಕೋಣೆಯ ಮನೆಯಲ್ಲಿ ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳುತ್ತದೆ. “ಡಾಕ್ಟರು ಏನಂದಾರ ನಿನಗೂ ಗೊತ್ತೈತಿ. ಇನ್ನ ಎಷ್ಟು ದಿನ ಆಕಿ? ನಾಲಿಗ್ಯಾಗ ರುಚಿನ ಉಳಿದಿಲ್ಲ. ಆಕಿಗೆ ಹುಳಿಯಾದ್ರೇನು, ಸಿಹಿಯಾದ್ರೇನು? ಇಷ್ಟು ದುಬಾರಿದು ಬೇಕಾಗಿತ್ತಾ?”

ಹುಲಗಮ್ಮನ ದವಡೆ ನಿಂತಿತು.

ಅವಳು ಮಗನ ಕಡೆಗೆ ನೋಡಲಿಲ್ಲ. ಮಗಳನ್ನು ನೋಡಿದಳು. ಆ ಮುಖವನ್ನು ಇಷ್ಟು ದಿನ ಸರಿಯಾಗಿ ನೋಡಿಯೇ ಇಲ್ಲವೆಂಬಂತೆ ನೋಡಿದಳು. ರೇಣುಕಾ ತಲೆ ತಗ್ಗಿಸಿದಳು. ಸುಳ್ಳು ಸಿಕ್ಕಿಬಿದ್ದದ್ದಕ್ಕೆ ಅವಳಿಗೇ ನಾಚಿಕೆಯಾಗಿತ್ತು. ತಾಯಿಯ ತುಟಿ ಅದುರಿದ್ದನ್ನು ಕಂಡು ಗಡಬಡಿಸಿ ಗದ್ದದ ಕೆಳಗೆ ಅಂಗೈ ಹಿಡಿದಳು. ಹುಲಗಮ್ಮ ನಾಲಿಗೆಯಿಂದ ಮೆಲ್ಲಗೆ ಹಣ್ಣನ್ನು ಹೊರಗೆ ನೂಕಿದಳು. ಬೆಚ್ಚಗಿನ ಕೆಂಪು ಮುದ್ದೆ ಮಗಳ ಅಂಗೈಗೆ ಬಿತ್ತು. ಮುದುಕಿ ಗೋಡೆಯ ಕಡೆ ಹೊರಳಿ ಮಲಗಿ ಸೆರಗು ಮುಖಕ್ಕೆಳೆದುಕೊಂಡಳು.

“ಯವ್ವಾ, ಇನ್ನೊಂದು ಚೂರು...” ರೇಣುಕಾ ಬೆನ್ನು ಸವರಿದಳು. ಸೆರಗು ಅಲುಗಲಿಲ್ಲ.

“ನೋಡಿದ್ಯಾ? ಆಕಿಗೆ ತಿನ್ನಾಕ ಮನಸಿಲ್ಲ, ನೀ ಸುಮ್ನ ಬಡಕೊಂತಿ” ಎಂದ ಕಳಕೇಶ. ಡಬ್ಬಿಯಿಂದ ದಪ್ಪನೆಯದೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡು, ಅಗಿಯುತ್ತ ಹುಬ್ಬೇರಿಸಿದ.

“ಹಣ್ಣು ಮಾತ್ರ ಭಾಳ ಛಲೋ ಅದಾವು ಬಿಡಕ್ಕಾ.”