ಗೊಡ್ಡು ಹಸುವಿನ ಚೀಟಿ

“ಇದು ಗೊಡ್ಡು ಅಂತ ಬರೆದುಕೊಡಿ ಡಾಕ್ಟ್ರೇ, ಗಾಡಿ ಕಾಯ್ತಿದೆ,” ಎಂದ ಕಟುಕ.

ಡಾಕ್ಟರು ಎಂದರೆ ನಿಜವಾದ ಡಾಕ್ಟರಲ್ಲ. ಹಸುಗಳಿಗೆ ಗಬ್ಬದ ಸೂಜಿ ಹಾಕುವವನು. ಜನ ಡಾಕ್ಟರು ಎಂದರು, ಅವನು ಬೇಡವೆನ್ನಲಿಲ್ಲ. ಅವನ ಚೀಟಿಯಿಲ್ಲದೆ ಕಟುಕ ಹಸುವನ್ನು ಮುಟ್ಟುವಂತಿರಲಿಲ್ಲ.

ಹಾಲು ಮಾರುವ ಹೆಂಗಸು ತನ್ನ ಒಂದೇ ಒಂದು ಹಸುವಿನ ಕೊರಳು ತಬ್ಬಿ ನಿಂತಿದ್ದಳು. ಕೆಚ್ಚಲು ಬತ್ತಿ ತಿಂಗಳಾಗಿತ್ತು. “ಮೂರು ಸಲವೂ ಗಬ್ಬ ನಿಲ್ಲಲಿಲ್ಲ, ನಿಜ. ಇನ್ನೊಂದೇ ಸಲ ನೋಡೋಣ್ವಾ?”

ಮಾತು ತಪ್ಪಿಸಲು ಡಾಕ್ಟರು ತಾನು ತಂದಿದ್ದ ಬೀಜದ ಕ್ಯಾನಿನ ಮುಚ್ಚಳ ತೆಗೆದು ಅಳತೆಕೋಲು ಇಳಿಸಿದ. ಬಿಳಿ ಹೊಗೆ ಉಕ್ಕಿ ನೆಲಕ್ಕೆ ಚೆಲ್ಲಿತು.

“ಅದೇನು ಹೊಗೆ?”

“ನೈಟ್ರೋಜನ್ ಕಣಮ್ಮ.” ತನಗೆ ಗೊತ್ತಿದ್ದನ್ನು ಹೇಳುವಾಗ ಅವನಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. “ಗಾಳೀಲಿರೋದೂ ಅದೇ, ನಮ್ಮ ರಕ್ತಮಾಂಸದಲ್ಲಿರೋದೂ ಅದೇ. ಕರು ಯಾವ ಬಣ್ಣ, ಎಷ್ಟು ಹಾಲು ಅಂತ ಬರೆದಿಟ್ಟಿರೋ ಡಿಎನ್‌ಎ ಇದೆಯಲ್ಲ, ಅದರ ಒಂದೊಂದು ಅಕ್ಷರಕ್ಕೂ ನೈಟ್ರೋಜನ್ ಬೇಕು. ಇಲ್ಲಿ ಅದನ್ನೇ ನೀರು ಮಾಡಿ ತುಂಬಿದ್ದೀವಿ. ಇದರ ಥಂಡೀಲಿ ಹೋರಿ ಬೀಜ ವರ್ಷಗಟ್ಟಲೆ ಬದುಕಿರುತ್ತೆ. ಇದು ಆರಿಹೋಯ್ತೋ, ಬೀಜವೂ ಸತ್ತಹಾಗೆ.”

“ಹಿಂದಿನ ಮೂರು ಸಲ ಹೊಗೆ ಬರಲೇ ಇಲ್ವಲ್ಲ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಮುಚ್ಚಳವನ್ನು ದಡಕ್ಕನೆ ಮುಚ್ಚಿದ. ಬೇಸಿಗೆಯಲ್ಲಿ ಕ್ಯಾನು ಬತ್ತಿದ್ದನ್ನು ಅವನು ನೋಡಿದ್ದೇ ತಡವಾಗಿ. ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು. ಹೊಸ ಬೀಜ ಬರುವವರೆಗೂ ಸತ್ತ ಬೀಜವನ್ನೇ ಮನೆಮನೆಯ ಹಸುಗಳಿಗೂ ಹಾಕುತ್ತ ಬಂದಿದ್ದ. ಈಗ ಹೊಸ ಬೀಜಕ್ಕೆ ಇದೊಂದು ಗಬ್ಬ ಕಟ್ಟಿದರೆ, ನಾಳೆ ಉಳಿದವರೂ ಬಂದು ಇದೇ ಪ್ರಶ್ನೆ ಕೇಳುತ್ತಾರೆ.

“ಬೇಸಿಗೇಲಿ ಹೊಗೆ ಕಾಣಲ್ಲಮ್ಮ,” ಎಂದ.

ಅವಳು ನಂಬಿದಳು. “ಹಾಗಾದ್ರೆ ತಪ್ಪು ಈ ಹಸುವಿನದ್ದೇನಾ? ಖಾತ್ರಿನಾ?”

“ಇದರದ್ದೇ.” ಚೀಟಿಯ ಮೇಲೆ ಸಹಿ ಹಾಕಿದ. ಸಹಿ ಎಂದಿನಷ್ಟೇ ದುಂಡಗೆ ಬಂತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹೆಂಗಸು ಹಸುವಿನ ಕೊರಳು ಬಿಟ್ಟಳು. “ಮೂರು ಸಲ ಈ ಪುಣ್ಯಾತ್ಮರನ್ನ ಓಡಾಡಿಸಿದೆಯಲ್ಲೇ, ದರಿದ್ರದ್ದೇ!” ಒಂದು ದಿನವೂ ಅದರ ಮೇಲೆ ಕೈಯೆತ್ತದವಳು ಮುಖಕ್ಕೇ ಬಾರಿಸಿದಳು. ಹಸು ಕಣ್ಣು ಮುಚ್ಚಿ ತೆರೆದು, ಹೊಡೆದ ಕೈಯನ್ನೇ ನೆಕ್ಕತೊಡಗಿತು.