ಕರುಮತ್ತಂಪಟ್ಟಿಯ ಕಡಲ ತಜ್ಞ

ಅಪರಿಚಿತ ಎರಡನೇ ಟೀ ಹೇಳಿದ ಕೂಡಲೇ ಲೋಗನಾಥನ್‌ಗೆ ಖಾತ್ರಿಯಾಯಿತು. ಇವನು ಗಂಡಿನ ಕಡೆಯವನೇ.

ಇಲ್ಲದಿದ್ದರೆ ಕರುಮತ್ತಂಪಟ್ಟಿಯ ದೊರೈಸಾಮಿ ಅಂಗಡಿಯ ಟೀಯನ್ನು ಎರಡು ಸಲ ಕುಡಿಯುವ ಧೈರ್ಯ ಯಾರಿಗಿದೆ? ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲೊಂದು ಫೈಲು, ಬೀದಿಯ ಕೊನೆಯ ಮನೆಯ ಮೇಲೆ ಕಣ್ಣು. ಆ ಮನೆ ಲೋಗನಾಥನ್‌ದು. ಅವನ ಒಬ್ಬಳೇ ಮಗಳು ಧರಣಿ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದಳು. ಅವಳ ಜಾತಕ ಅನ್ನೂರಿನ ಒಂದು ಒಳ್ಳೆಯ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ಹಿಂದಿನ ಎರಡು ಸಂಬಂಧಗಳು ತಪ್ಪಿಹೋದದ್ದು ಲೋಗನಾಥನ್‌ನ ಬಾಯಿಂದಲೇ ಎಂದು ಹೆಂಡತಿ ಕಣ್ಣಮ್ಮನ ವಾದ. ಇದೂ ತಪ್ಪಿದರೆ ಅವಳಿಗೆ ಮುಖ ತೋರಿಸುವಂತಿರಲಿಲ್ಲ.

ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ಕನ್ನಡವಾಡುವ ನಮ್ಮ ನೇಕಾರರ ಬೀದಿಗಳಲ್ಲಿ ಹೆಣ್ಣು ನೋಡಲು ಯಾರೂ ನೇರವಾಗಿ ಬರುವುದಿಲ್ಲ. ಮೊದಲು ಗುರುತಿಲ್ಲದವನೊಬ್ಬ ಬಂದು ಮೂಲೆಯ ಅಂಗಡಿಯಲ್ಲಿ ಟೀ ಕುಡಿಯುತ್ತಾ ಏನೂ ಅರಿಯದವನಂತೆ ವಿಚಾರಿಸುತ್ತಾನೆ. ನಾವೂ ಏನೂ ಅರಿಯದವರಂತೆ ಹೇಳುತ್ತೇವೆ. ನೀವು ಯಾರು ಎಂದು ಕೇಳುವುದು ಮರ್ಯಾದೆಯಲ್ಲ. ಈ ನಾಟಕದಲ್ಲಿ ನಮ್ಮನ್ನು ಮೀರಿಸುವವರು ಸುತ್ತಮುತ್ತ ಇಲ್ಲ.

ಲೋಗನಾಥನ್ ಆಗ ಬೆಂಚಿನ ಮೇಲೆ ಕೂತು ಎಂದಿನ ಉಪನ್ಯಾಸದಲ್ಲಿದ್ದ. ವಿಶಾಖಪಟ್ಟಣದ ಕಡಲಲ್ಲಿ ಹಲವು ದೇಶಗಳ ನೌಕಾಪಡೆಗಳು ಸೇರಿ ಸಮರಾಭ್ಯಾಸ ನಡೆಸುತ್ತಿದ್ದವು. ಯಾವ ದೇಶ ಎಷ್ಟು ಹಡಗು ಕಳಿಸಿತು, ಯಾವುದು ಕರೆದರೂ ಬರಲಿಲ್ಲ, ಅದು ಬಾರದ್ದಕ್ಕೆ ಯಾರು ಒಳಗೊಳಗೇ ಖುಷಿಪಟ್ಟರು, ಎಲ್ಲ ಅವನಿಗೆ ಬಾಯಿಪಾಠ. ಆರು ಪವರ್‌ಲೂಮ್‌ಗಳ ಈ ಧಣಿ ಸಮುದ್ರ ಕಂಡಿದ್ದು ಒಮ್ಮೆ, ರಾಮೇಶ್ವರದಲ್ಲಿ. ನೀರು ಮೊಣಕಾಲು ದಾಟಿದೊಡನೆ ಕೂಗಿಕೊಂಡು ದಡಕ್ಕೆ ಓಡಿದ್ದ. ಅದು ಅವನಿಗೂ ನೆನಪಿತ್ತು. ಆದರೂ ಬಾಯಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಈ ಮಾತಿಗೆ ಕಿವಿಗೊಡುತ್ತಿದ್ದವಳು ಧರಣಿ ಒಬ್ಬಳೇ. ಊಟಕ್ಕೆ ಕೂತಾಗ ಪ್ರಶ್ನೆ ಬೇರೆ ಕೇಳುತ್ತಿದ್ದಳು.

"ಆ ಕೊನೆ ಮನೆ ಲೋಗನಾಥನ್ ಅವರದಾ? ಜನ ಹೇಗೆ?" ಎಂದು ಅಪರಿಚಿತ ತಮಿಳಿನಲ್ಲಿ ಕೇಳುತ್ತಾ, ಪರಿಚಯ ಹೇಳಿಕೊಳ್ಳಲು ಜೇಬಿಗೆ ಕೈ ಹಾಕಿದ.

ಲೋಗನಾಥನ್ ತಡೆದ. "ಅದೆಲ್ಲ ಬೇಡ ಸಾರ್. ನಮಗೆ ಅರ್ಥವಾಗುತ್ತೆ." ತಮ್ಮವನೇ ಇರಬೇಕು, ಗುರುತು ಸಿಗದಿರಲೆಂದು ಕನ್ನಡ ಬಿಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ. ತಾನೇ ಲೋಗನಾಥನ್ ಎಂದರೆ ಆಟ ಕೆಟ್ಟೀತು. "ನಾನು ಪಕ್ಕದ ಮನೆ ಲಿಂಗಪ್ಪನ್. ಅವರು ಚಿನ್ನದಂಥ ಜನ," ಎಂದ.

ದೊರೈಸಾಮಿ ಹಾಲಿನ ಪಾತ್ರೆಯ ಕಡೆ ತಿರುಗಿಕೊಂಡ. ಅವನ ಹೆಗಲು ಕುಲುಕುತ್ತಿತ್ತು.

"ಹುಡುಗಿ ದಿನಾ ಬೆಳಿಗ್ಗೆ ಓಡ್ತಾರಂತೆ. ಕೊಯಮತ್ತೂರಿಗೆ ಈಜೋಕೆ ಹೋಗ್ತಾರಂತೆ. ಆಚೆ ಬೀದಿಯಲ್ಲಿ ಹೇಳಿದರು," ಎಂದ ಅಪರಿಚಿತ.

ಎರಡೂ ನಿಜ. ಯಾರೋ ಹೊಟ್ಟೆಕಿಚ್ಚಿನವರು ಚಾಡಿ ಹೇಳಿದ್ದಾರೆ. ಲೋಗನಾಥನ್ ಬೆಂಚಿನ ತುದಿಗೆ ಸರಿದ. "ಅದು ಬೇರೆ ಯಾರೋ ಸಾರ್. ಇವಳಿಗೆ ನೀರು ಅಂದರೆ ಭಯ. ಊಟಿ ಬಸ್ ಹತ್ತಿದರೇ ತಲೆ ಸುತ್ತುತ್ತೆ."

"ಹೋದ ವರ್ಷ ಐದು ದಿನ ಊರಲ್ಲಿ ಇರಲಿಲ್ಲ ಅಲ್ಲವಾ?"

ಧರಣಿ ಆಗ ಗೆಳತಿ ಕೃತ್ತಿಕಾಳ ಅಕ್ಕನ ಮದುವೆ ಎಂದು ಹೋಗಿದ್ದಳು. ಐದು ದಿನದ ಮದುವೆ ಎಲ್ಲಿಯದು ಎಂದು ಕಣ್ಣಮ್ಮ ಆಗಲೇ ಗೊಣಗಿದ್ದಳು. ಅದನ್ನು ಹೇಳಿದರೆ ಗಂಡಿನ ಮನೆಯವರು ಏನೇನು ಕಲ್ಪಿಸಿಕೊಳ್ಳುವರೋ.

"ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ," ಎಂದ. ಅಪರಿಚಿತ ಹುಬ್ಬು ಗಂಟಿಕ್ಕಿ ಬರೆದುಕೊಂಡ.

"ತಂದೆಗೆ ವಿದೇಶದವರ ಸಂಪರ್ಕ ಏನಾದರೂ ಇದೆಯಾ?"

ಲೋಗನಾಥನ್ ಅರಳಿದ. ಇಷ್ಟು ಹೊತ್ತು ಮಗಳನ್ನು ಮುಚ್ಚಿಟ್ಟದ್ದಾಯಿತು, ತಂದೆಯನ್ನಾದರೂ ಸ್ವಲ್ಪ ಮೆರೆಸಬಾರದೇ? "ಅವರು ಸಾಮಾನ್ಯರಲ್ಲ ಸಾರ್. ನಾಲ್ಕು ದೇಶದ ನೌಕಾಪಡೆಯಲ್ಲಿ ಅವರ ಜನ ಇದ್ದಾರೆ. ಹಡಗು ಬಂದರು ಬಿಡೋಕೆ ಮುಂಚೆ ಇಲ್ಲಿಗೆ ಸುದ್ದಿ ಬರುತ್ತೆ. ಇವರ ಸಲಹೆ ಅಲ್ಲಿಗೆ ಹೋಗುತ್ತೆ." ಸುದ್ದಿ ಬರುವುದು ಫೋನಿನ ವಿಡಿಯೊಗಳಿಂದ ಎಂಬುದನ್ನೂ, ಸಲಹೆ ದೊರೈಸಾಮಿಯ ಒಲೆಯನ್ನು ದಾಟುವುದಿಲ್ಲ ಎಂಬುದನ್ನೂ ಅವನು ಹೇಳಲಿಲ್ಲ.

ಪೆನ್ನು ಒಂದು ಕ್ಷಣ ನಿಂತಿತು. "ಯಾವ ನಾಲ್ಕು ದೇಶ?"

ಲೋಗನಾಥನ್ ಹೇಳಿದ. ಹೇಳುವ ಉತ್ಸಾಹದಲ್ಲಿ ಐದಾದವು. ಅಪರಿಚಿತ ಒಂದೊಂದನ್ನೂ ಬರೆದು, ಕೆಳಗೆ ಗೆರೆ ಎಳೆದು, ಅವಸರವಾಗಿ ಎದ್ದು ಹೋದ.

ಲೋಗನಾಥನ್ ಬೀದಿಯುದ್ದಕ್ಕೂ ಎದೆ ಉಬ್ಬಿಸಿಕೊಂಡು ನಡೆದ. "ಕಣ್ಣಮ್ಮಾ, ಮಾಪಿಳ್ಳೆ ಕಡೆಯವ್ರು, ಆ ಅನ್ನೂರಿನ ಗಂಡಿನ ಮನೆಯವ್ರು, ಬಂದಿದ್ರು," ಎಂದು ಬಾಗಿಲಲ್ಲೇ ಶುರುಮಾಡಿದ. "ಒಂದು ಮಾತೂ ಬಿಡ್ದೆ ಬರ್ಕೊಂಡು ಹೋದ್ರು. ಈ ಸಲ ನನ್ನ ಬಾಯಿನ ಏನೂ ಅನ್ನಂಗಿಲ್ಲ ನೀನು."

ಕಣ್ಣಮ್ಮ ದೇವರ ಪಟಕ್ಕೆ ಕೈಮುಗಿದಳು. ಧರಣಿ ಒಳಗಿನಿಂದ ಓಡಿ ಬಂದಳು. ಮುಖದಲ್ಲಿ ನಾಚಿಕೆ ಇರಲಿಲ್ಲ, ಸಂಭ್ರಮವಿತ್ತು.

"ಟೀ ಅಂಗಡೀಲಿ ವಿಚಾರ್ಸಿದ್ರಾ ಅಪ್ಪಾ? ನೀವೇ ಇದ್ರಾ? ಏನಂದ್ರಿ?"

"ಎಲ್ಲಾ ನಿನ್ನ ಒಳ್ಳೇದಕ್ಕೇ ಹೇಳಿದೀನಿ ಕಣ್ಣು."

ಧರಣಿ ಬಗ್ಗಿ ಅವನ ಕಾಲು ಮುಟ್ಟಿದಳು. ಲೋಗನಾಥನ್‌ನ ಕಣ್ಣು ಒದ್ದೆಯಾಯಿತು. ಊಟದ ಹೊತ್ತಿಗೆ ತನ್ನ ಮಾತು ಕೇಳಲು ಇನ್ನು ಈ ಮಗಳು ಇರುವುದಿಲ್ಲವಲ್ಲ ಎಂದು ಮೊದಲ ಸಲ ಸಂಕಟವಾಯಿತು.

"ಅವ್ರು ಪೊಲೀಸ್‌ನವ್ರು ಅಪ್ಪಾ," ಎಂದಳು ಧರಣಿ, "ನಿಮ್ಮ ಮಾತು ಕೇಳಿ ಕೇಳೀನೇ ನೇವಿಗೆ ಅರ್ಜಿ ಹಾಕಿದ್ದು, ಮದುವೆ ಅಂತ ಐದು ದಿನ ಹೋಗಿದ್ದು ಅದರ ಇಂಟರ್‌ವ್ಯೂಗೇ, ಆಫೀಸರಾಗಿ ಸೆಲೆಕ್ಟ್ ಆಗಿದೀನಿ, ನಮ್ಮ ಮನೆ ಬಗ್ಗೆ ಬೀದೀಲಿ ವಿಚಾರ್ಸಿ ಅವ್ರು ಒಳ್ಳೇ ರಿಪೋರ್ಟ್ ಕಳಿಸೋದು ಒಂದೇ ಬಾಕಿ."